ಚುಕ್ಕಿ ಹಾಳೆ, ಉಪ್ಪುಕಾಗದ, ಮರಳ ತಟ್ಟೆ, ಗೋಡೆ ಹಲಗೆ: ಒಂದನೇ ತರಗತಿಯ ಕೈಗೆ ಯಾವುದು ಒಗ್ಗಿತು

ನಮ್ಮ ಶಾಲೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಕೊಠಡಿಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಬರವಣಿಗೆ ಕಲಿಸಲು ಕಳೆದ ಮೂರು ವರ್ಷಗಳಲ್ಲಿ ನಾಲ್ಕು ಸಾಧನಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಈ ಹುಡುಕಾಟಕ್ಕೆ ಕಾರಣನಾದವನು ಒಬ್ಬ ಹುಡುಗ. ನಲಿಕಲಿಯ ಮೊದಲ ಅಕ್ಷರಗಳಾದ ರ, ಗ, ಸ, ದ, ಅ ಇವುಗಳನ್ನು ಕಾರ್ಡಿನಲ್ಲಿ ತೋರಿಸಿದರೆ ತಡವರಿಸದೆ ಗುರುತಿಸುತ್ತಿದ್ದ. ಬರೆಯಲು ಹೇಳಿದರೆ ಮಾತ್ರ ಸ್ಲೇಟಿನ ಮೇಲೆ ಕೆನ್ನೆಯಿಟ್ಟು ಮಲಗಿದಂತೆ ಬಾಗುತ್ತಿದ್ದ. ಕೆಲವು ವಾರ ನಾನು ಅದನ್ನು ಸೋಮಾರಿತನವೆಂದೇ ತಿಳಿದಿದ್ದೆ. ಒಂದು ದಿನ ಅವನೆದುರು ನೆಲದಲ್ಲೇ ಕುಳಿತು ಗಮನಿಸಿದಾಗ ವಿಷಯ ಬೇರೆಯೇ ಇತ್ತು. ಬಳಪವನ್ನು ಮುಷ್ಟಿಯಲ್ಲಿ ಹಿಡಿದಿದ್ದ, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಬಳಪ ಎಳೆದ ಕಡೆಗೆಲ್ಲ ಸ್ಲೇಟೂ ಜರುಗುತ್ತಿತ್ತು. ಅಕ್ಷರ ಅವನಿಗೆ ಗೊತ್ತಿತ್ತು. ಅದನ್ನು ಬರೆಯಬೇಕಾದ ಕೈ ಇನ್ನೂ ಸಿದ್ಧವಾಗಿರಲಿಲ್ಲ.

ಆರು ವರ್ಷದ ಕೈಯೆಂದರೆ ದೊಡ್ಡವರ ಕೈಯ ಚಿಕ್ಕ ಪ್ರತಿಯೆಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಮಗು ಹುಟ್ಟುವಾಗ ಇನ್ನೂ ಮೂಳೆಯಾಗಿರದೆ ಮೃದ್ವಸ್ಥಿಯಾಗಿಯೇ ಇರುತ್ತವೆ. ಅವು ಒಂದರ ಹಿಂದೊಂದು ಗಟ್ಟಿಯಾಗುತ್ತಾ ಹೋಗಿ, ಕೊನೆಯದು ಗಟ್ಟಿಗೊಳ್ಳತೊಡಗುವ ಹೊತ್ತಿಗೆ ಮಗು ಸಾಮಾನ್ಯವಾಗಿ ನಾಲ್ಕೈದನೇ ತರಗತಿಗೆ ಬಂದಿರುತ್ತದೆ. ನೋಡಿ ಬರೆಯುವ ಸಾಮರ್ಥ್ಯಕ್ಕೂ ಒಂದು ಕ್ರಮವಿದೆ. ಹೆಚ್ಚಿನ ಮಕ್ಕಳು ಮೂರರ ಆಸುಪಾಸಿನಲ್ಲಿ ವೃತ್ತವನ್ನೂ ನಾಲ್ಕರಲ್ಲಿ ಕೂಡುವ ಚಿಹ್ನೆಯನ್ನೂ ಐದರಲ್ಲಿ ತ್ರಿಕೋನವನ್ನೂ ನೋಡಿ ಬರೆಯಬಲ್ಲರು. ಓರೆ ಗೆರೆಗಳ ವಜ್ರಾಕೃತಿ ಕೈಗೆ ಬರಲು ಆರು, ಏಳು ವರ್ಷವಾದರೂ ಆಗಬೇಕು. ಕನ್ನಡದ ಬಹುಪಾಲು ಅಕ್ಷರಗಳಾದರೋ ಕೈಯೆತ್ತದೆ, ನಡುವೆ ದಿಕ್ಕು ಬದಲಿಸುತ್ತಾ, ಸುರುಳಿ ಸುತ್ತಿ ಬರಬೇಕಾದವು. ಪೇಟೆಯಲ್ಲಿ ಸಿಗುವ ಬರವಣಿಗೆ ಪೂರ್ವಾಭ್ಯಾಸದ ಪುಸ್ತಕಗಳಲ್ಲಿ ನಿಂತ ಗೆರೆ, ಮಲಗಿದ ಗೆರೆಗಳೇ ತುಂಬಿರುವುದು ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಸರಿ. ‘ರ’ ಬರೆಯಬೇಕಾದ ಮಗುವಿಗೆ ಅವುಗಳಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಮೊದಲ ವರ್ಷ ನಾನು ನಂಬಿದ್ದು ಚುಕ್ಕಿ ಹಾಳೆಯನ್ನು. ಜೆರಾಕ್ಸ್ ಮಾಡಿಸಿ ಹಂಚಿದರೆ ಸಾಕು, ಮಕ್ಕಳು ಚುಕ್ಕಿ ಸೇರಿಸಿ ಅಕ್ಷರ ಮೂಡಿಸುತ್ತಾರೆ, ಮಕ್ಕಳ ಕೆಲಸ ತೂಗುಹಾಕಲು ಕೊಠಡಿಯಲ್ಲಿ ಕಟ್ಟಿರುವ ಚಪ್ಪರಕ್ಕೆ ನೇತುಹಾಕಿದರೆ ನೋಡಲು ಬಂದ ಪೋಷಕರಿಗೂ ಸಂತೋಷ. ಆದರೆ ಚುಕ್ಕಿಗಳನ್ನು ತೆಗೆದು ಬರಿಯ ಹಾಳೆ ಕೊಟ್ಟ ದಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ಹತ್ತಿರದಿಂದ ನೋಡಿದಾಗ ಕಾರಣ ತಿಳಿಯಿತು. ಅವರು ಅಕ್ಷರ ಬರೆಯುತ್ತಲೇ ಇರಲಿಲ್ಲ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗಿ, ಪ್ರತಿ ಚುಕ್ಕಿಯಲ್ಲೂ ಪೆನ್ಸಿಲ್ ಎತ್ತಿ, ‘ದ’ವನ್ನು ಕೆಳಗಿನಿಂದ ಶುರುಮಾಡಿ ತಲೆಕಟ್ಟಿಗೆ ಮುಗಿಸುತ್ತಿದ್ದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನವನ್ನು ಓದಿದ್ದು ಆ ನಂತರ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಂದ ಅಕ್ಷರಗಳನ್ನು ತಾವಾಗಿ ಬರೆಸಿ, ಗೆರೆಯ ಮೇಲೆ ತಿದ್ದಿಸಿ, ಕೀಲಿಮಣೆಯಲ್ಲಿ ಒತ್ತಿಸಿ, ಬಳಿಕ ಅಕ್ಷರ ನೋಡುವಾಗಿನ ಮೆದುಳಿನ ಚಟುವಟಿಕೆಯನ್ನು ಅಳೆದರೆ, ಓದಿಗೆ ಸಂಬಂಧಿಸಿದ ಭಾಗಗಳು ಚುರುಕಾದದ್ದು ತಾವಾಗಿ ಬರೆದ ಅಕ್ಷರಗಳಿಗೆ ಮಾತ್ರ. ಮಗುವಿನ ಸ್ವಂತ ಕೈಯಿಂದ ಮೂಡುವ ಸೊಟ್ಟ ಅಕ್ಷರಕ್ಕೆ ಅದರದೇ ಕೆಲಸವಿದೆ ಎಂದು ಅಲ್ಲಿಂದಾಚೆ ಅಂದವನ್ನು ಅಳೆಯುವುದನ್ನು ಬಿಟ್ಟೆ.

ಉಪ್ಪುಕಾಗದದ ಅಕ್ಷರಗಳ ಹಿಂದೆ ದೊಡ್ಡ ಹೆಸರಿದೆ. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದ, ಮುಂದೆ 1939ರಿಂದ ಕೆಲವು ವರ್ಷ ಭಾರತದಲ್ಲೇ ನೆಲೆಸಿ ಶಿಕ್ಷಕರಿಗೆ ತರಬೇತಿ ಕೊಟ್ಟ ಮರಿಯಾ ಮಾಂಟೆಸ್ಸರಿ ಅವರ ಪದ್ಧತಿಯಲ್ಲಿ ಮಗು ಒರಟು ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರವನ್ನು ಎರಡು ಬೆರಳುಗಳಿಂದ ಸವರುತ್ತಾ ಅದರ ಧ್ವನಿಯನ್ನು ಹೇಳುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ಕಾಗದ ತಂದು ನಾನೇ ಕತ್ತರಿಸಿದೆ. ಮೊದಲ ಸಲ ತಂದದ್ದು ಬಾಗಿಲು ಉಜ್ಜುವ ದಪ್ಪ ಕಾಗದವಾದ್ದರಿಂದ ಮಕ್ಕಳು ಬೆರಳ ತುದಿಗೆ ಉಫ್ ಉಫ್ ಎಂದು ಊದಿಕೊಂಡರು; ಅತಿ ನುಣುಪಿನದನ್ನು ಕೇಳಿ ತರಬೇಕು. ಎಲ್ಲಿ ಆರಂಭಿಸಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸಲಿಲ್ಲ. ಕಣ್ಣು ಮುಚ್ಚಿಸಿ ಬೆರಳಿನಿಂದಲೇ ‘ಪ’ ಯಾವುದು ‘ಷ’ ಯಾವುದು ಎಂದು ಹೇಳಿಸುವ ಆಟದಲ್ಲಿ, ಸದಾ ಹಿಂದೆ ಕೂರುವ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂದಿದ್ದಳು. ಆದರೂ ಇದು ಕೊನೆಗೆ ಇದ್ದ ಗೆರೆಯನ್ನೇ ಸವರುವ ಕೆಲಸ. ಜೊತೆಗೆ ಮಳೆಗಾಲದಲ್ಲಿ ಅಂಟು ಬಿಟ್ಟು ಅಕ್ಷರಗಳ ಬಾಲ ಎದ್ದು ನಿಲ್ಲುತ್ತವೆ.

ಮರಳಿನ ಮೇಲೆ ತಿದ್ದಿಸುವುದು ಹಿಂದಿನ ಹಳ್ಳಿ ಶಾಲೆಗಳಾದ ನಮ್ಮ ಕೂಲಿಮಠಗಳ ಕಾಲದ ಕ್ರಮ. ವಿಜಯದಶಮಿಯ ಅಕ್ಷರಾಭ್ಯಾಸದಂತೆ ಅಕ್ಕಿಯಲ್ಲೇ ಮಾಡೋಣವೆಂದು ಹೊರಟಿದ್ದೆ, ಆದರೆ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಮಕ್ಕಳು ತುಳಿಯುವುದನ್ನು ಕಂಡ ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತು, “ಟೀಚರಮ್ಮ, ಅನ್ನ ತುಳಿಸಬೇಡಿ” ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಜರಡಿ ಹಿಡಿದು, ತೊಳೆದು, ಬಿಸಿಲಿಗೆ ಒಣಗಿಸಿದ ಮರಳನ್ನು ಸ್ಟೀಲ್ ತಟ್ಟೆಗಳಿಗೆ ಹಾಕಿದೆ. ಮೊದಲು ದಪ್ಪಗೆ ಹರಡಿದ್ದರಿಂದ ಗೆರೆಯ ಅಂಚು ಕುಸಿದು ಅಕ್ಷರ ಮುಚ್ಚಿಹೋಗುತ್ತಿತ್ತು. ಬೆರಳು ಹೋದಲ್ಲಿ ತಟ್ಟೆಯ ತಳ ಹೊಳೆಯುವಷ್ಟು ತೆಳುವಾಗಿದ್ದರೆ ಮಾತ್ರ ಅಕ್ಷರ ಚೆನ್ನಾಗಿ ಕಾಣುತ್ತದೆ. ನುಣುಪು ನೆಲದ ಮೇಲೆ ತಟ್ಟೆ ಜಾರುವುದನ್ನು ಕಂಡು ಕೆಳಗೆ ಬಟ್ಟೆ ಹಾಸಲು ಹೊರಟವಳು, ಆ ಹುಡುಗನನ್ನು ನೋಡಿ ಸುಮ್ಮನಾದೆ. ಎರಡನೆಯ ದಿನವೇ ಅವನ ಎಡಗೈ ತಾನಾಗಿ ಮೇಲೆದ್ದು ತಟ್ಟೆಯ ಅಂಚನ್ನು ಹಿಡಿದಿತ್ತು. ಸ್ಲೇಟಿನ ಮುಂದೆ ನೂರು ಸಲ ಹೇಳಿದರೂ ಆಗದ ಕೆಲಸ ಅದು. ಮರಳು ಬೆರಳನ್ನು ಸ್ವಲ್ಪ ತಡೆಯುವುದರಿಂದ ಕೈ ಎಲ್ಲಿದೆ, ಎತ್ತ ಸಾಗುತ್ತಿದೆ ಎಂಬ ಅರಿವು ಸ್ನಾಯುಗಳಿಗೂ ಕೀಲುಗಳಿಗೂ ಚೆನ್ನಾಗಿ ಸಿಗುತ್ತದೆ. ತಪ್ಪಿದರೆ ಅಂಗೈಯಿಂದ ಒಮ್ಮೆ ಸವರಿದರಾಯಿತು, ರಬ್ಬರಿನಿಂದ ಉಜ್ಜಿ ಹಾಳೆ ಹರಿದ ಅಳು ಇಲ್ಲ. ಆ ವಾರವೇ ಅವನು ತಟ್ಟೆ ತುಂಬ ಒಂದು ‘ರ’ ಬರೆದು, ಅದನ್ನು ಅಳಿಸಲು ಯಾರಿಗೂ ಬಿಡದೆ ಮಧ್ಯಾಹ್ನದ ಊಟಕ್ಕೂ ತಟ್ಟೆ ಹಿಡಿದುಕೊಂಡೇ ಬಂದ.

ತೊಂದರೆಗಳನ್ನೂ ಹೇಳಬೇಕು. ಬೆರಳು ಕಲಿತದ್ದೆಲ್ಲ ಪೆನ್ಸಿಲ್ಲಿಗೆ ಇಳಿಯುವುದಿಲ್ಲ. ಒತ್ತಕ್ಷರಕ್ಕೆ ತಟ್ಟೆಯಲ್ಲಿ ಜಾಗ ಸಾಲದು. ಮರಳು ಪಕ್ಕದವಳ ತಲೆಗೂ ಹೋಗುತ್ತದೆ.

ಪೆನ್ಸಿಲ್ ಹಿಡಿತದ ಕೊರತೆಯನ್ನು ತುಂಬಿಕೊಟ್ಟದ್ದು ನಲಿಕಲಿ ಕೊಠಡಿಗಳಲ್ಲಿ ಮಕ್ಕಳ ಎತ್ತರಕ್ಕೆ ಬಳಿದಿರುವ ಗೋಡೆ ಹಲಗೆ. ಖರ್ಚಿಲ್ಲದೆ ಕಣ್ಣೆದುರೇ ಇದ್ದ ಇದನ್ನು ನಾನು ಅಲಂಕಾರವೆಂಬಂತೆ ಬಿಟ್ಟಿದ್ದೆ. ನಿಂತು ಗೋಡೆಯ ಮೇಲೆ ಬರೆಯುವಾಗ ಮಣಿಕಟ್ಟು ಹಿಂದಕ್ಕೆ ಬಾಗಿ ಬೆರಳುಗಳು ಸರಿಯಾದ ಭಂಗಿಗೆ ಬರುತ್ತವೆ, ಭುಜಕ್ಕೂ ಕೆಲಸ ಸಿಗುತ್ತದೆ. ಇಡೀ ಸೀಮೆಸುಣ್ಣ ಕೊಡದೆ ಹುಣಸೆ ಬೀಜದಷ್ಟು ತುಂಡು ಕೊಟ್ಟರೆ ಮುಷ್ಟಿ ಕಟ್ಟಲು ಅವಕಾಶವೇ ಇರುವುದಿಲ್ಲ. ಹೆಬ್ಬೆರಳು ಮತ್ತು ಎರಡು ಬೆರಳುಗಳೇ ಹಿಡಿಯಬೇಕು.

ಇವುಗಳ ನಡುವೆ ಒಂದು ವರ್ಷ ಮೊದಲ ಎರಡು ತಿಂಗಳು ಅಕ್ಷರವನ್ನೇ ಮುಟ್ಟದೆ ಬರೀ ಕುಂಟೆಬಿಲ್ಲೆ, ಕಲ್ಲಾಟ, ಅಳಿಗುಳಿಮಣೆ ಆಡಿಸಿದೆ. “ಮನೇಲೂ ಆಡ್ತಾನೆ ಟೀಚರ್, ಇಲ್ಲೂ ಆಡಿಸ್ತೀರಾ?” ಎಂದು ಒಬ್ಬ ತಾಯಿ ಕೇಳಿದಾಗ ಸಿಟ್ಟು ಬಂದರೂ, ಆಕೆಯ ಪ್ರಶ್ನೆಯಲ್ಲಿ ಅರ್ಧ ಸತ್ಯವಿತ್ತು. ಚಲನೆಯ ಅಭ್ಯಾಸದಿಂದಲೇ ಓದು ಬರಹ ಸುಧಾರಿಸುವುದಿಲ್ಲವೆಂದು 1983ರಷ್ಟು ಹಿಂದೆಯೇ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಬರವಣಿಗೆಯ ತೊಂದರೆಗಳ ಕುರಿತ 2011ರ ಒಂದು ಸಮೀಕ್ಷೆಯಲ್ಲಿಯೂ, ಬರೆಯುವ ಅಭ್ಯಾಸವೇ ಇಲ್ಲದ ಚಿಕಿತ್ಸೆಗಳು, ಹಾಗೆಯೇ 20 ಪಾಠಗಳಿಗಿಂತ ಕಡಿಮೆ ನಡೆದವು ಫಲ ಕೊಟ್ಟಿರಲಿಲ್ಲ. ನನ್ನ ಕೊಠಡಿಯಲ್ಲೂ ಹಾಗೆಯೇ ಆಯಿತು. ಒಂಟಿಗಾಲಿನಲ್ಲಿ ಕುಂಟಿ ಗೆರೆ ದಾಟಲು ಬಂದವರು ಪಾಠದ ಹೊತ್ತಿನಲ್ಲಿ ಒರಗದೆ, ಹೊರಳದೆ ಕೂರಬಲ್ಲವರಾದರು, ಅಕ್ಷರ ಮಾತ್ರ ತಾನಾಗಿ ಮೂಡಲಿಲ್ಲ. ನಾನು ನಿರೀಕ್ಷಿಸದಿದ್ದ ಲಾಭ ಬಂದದ್ದು ಗಣಿತದಲ್ಲಿ: ಅಂಗೈಯಲ್ಲಿ ಹಿಡಿದ ಬೀಜಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ತಳ್ಳಿ ಮಣೆಯ 14 ಗುಳಿಗಳಿಗೆ ಹಾಕುತ್ತಾ ಹೋದ ಮಕ್ಕಳು ಎಣಿಸುವಾಗ ಒಂದನ್ನು ಎರಡು ಸಲ ಎಣಿಸುವುದನ್ನು ಬಿಟ್ಟರು.

ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಮರಳ ತಟ್ಟೆಯನ್ನೇ ಆರಿಸುತ್ತೇನೆ, ಎರಡಕ್ಕೆ ಅವಕಾಶವಿದ್ದರೆ ಗೋಡೆ ಹಲಗೆಯನ್ನೂ ಸೇರಿಸುತ್ತೇನೆ. ಉಪ್ಪುಕಾಗದವನ್ನು ಹೊಸ ಅಕ್ಷರ ಪರಿಚಯಿಸುವ ದಿನ ಮಾತ್ರ ಹೊರತೆಗೆಯುತ್ತೇನೆ; ಚುಕ್ಕಿ ಹಾಳೆಗೆ ಹಣ ಹಾಕುವುದನ್ನು ನಿಲ್ಲಿಸಿದ್ದೇನೆ. ಈಗ ಬೆಳಿಗ್ಗೆ ಹತ್ತು ನಿಮಿಷ ಅಂಗಳದ ಆಟ, ಆಮೇಲೆ ಮರಳು, ಅಲ್ಲಿ ಮಾದರಿ ನೋಡದೆ ಬರೆದವರು ಗೋಡೆಗೆ, ಗೋಡೆಯಲ್ಲಿ ಬರೆದವರು ಸ್ಲೇಟಿಗೆ ಎಂಬ ಕ್ರಮ ನಡೆದಿದೆ. ದಸರಾ ರಜೆ ಮುಗಿದ ಮೇಲೂ ಗೋಡೆಯಲ್ಲಿ ವೃತ್ತ ಮುಚ್ಚಲಾಗದ ಅಥವಾ ಮೆಟ್ಟಿಲಲ್ಲಿ ಪದೇ ಪದೇ ಎಡವುವ ಮಗುವಿದ್ದರೆ ಅಭ್ಯಾಸ ಹೆಚ್ಚಿಸದೆ ಮೊದಲು ಕಣ್ಣಿನ ಪರೀಕ್ಷೆಗೆ ಕಳಿಸಿ, ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರಿಗೆ ತೋರಿಸುತ್ತೇನೆ.

ಆ ಹುಡುಗ ಈಗ ಮೂರನೇ ತರಗತಿಯಲ್ಲಿದ್ದಾನೆ. ಅಕ್ಷರ ಇನ್ನೂ ಗುಂಡಾಗಿಲ್ಲ, ‘ಣ’ ಬರೆಯುವಾಗ ನಾಲಿಗೆ ಹೊರಗೆ ಬರುತ್ತದೆ. ಎಡಗೈ ಮಾತ್ರ ಪುಸ್ತಕದ ಮೇಲೆ ಇದೆ.