ಕ್ಲಾಸಿಕ್ 350ಕ್ಕೆ ನಾಲ್ಕು ಥರದ ಆಯಿಲ್, ಒಂದು ಸೆಟ್ ಕ್ಲಚ್ ಪ್ಲೇಟ್

ಮೊದಲೇ ಹೇಳಿಬಿಡುತ್ತೇನೆ. ನನ್ನ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೆ ಈಗ ಹಾಕುತ್ತಿರುವ ಎಂಜಿನ್ ಆಯಿಲ್ ಸೆಮಿ ಸಿಂಥೆಟಿಕ್ (ಮಿನರಲ್, ಸಿಂಥೆಟಿಕ್ ಎರಡೂ ಬೆರೆಸಿದ್ದು) 15ಡಬ್ಲ್ಯೂ-50. ಈ ಗ್ರೇಡಿನಲ್ಲಿ ಮೊದಲ ಅಂಕಿ ಚಳಿಯ ಲೆಕ್ಕ, ಎರಡನೆಯದ್ದು ಬಿಸಿಯಾದಾಗಿನ ದಪ್ಪ. ಮುಂದೆಯೂ ಅದೇ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುವ ಗ್ರೇಡೂ ಅದೇ. ಇಷ್ಟು ಸುಲಭದ ಉತ್ತರ ಸಿಗಲು ನನಗೆ ನಾಲ್ಕು ಥರದ ಆಯಿಲ್, ಐದಾರು ವರ್ಷ ಮತ್ತು ಒಂದು ಸೆಟ್ ಕ್ಲಚ್ ಪ್ಲೇಟ್ ಬೇಕಾಯಿತು.

ನನ್ನ ಓಡಾಟ ಹೇಗೆ ಅಂತ ತಿಳಿಯದೆ ನನ್ನ ಮಾತು ನಂಬಬೇಡಿ. ವಾರದ ದಿನಗಳಲ್ಲಿ ಮಂಗಳೂರಿನ ಒಳಗೆ ದಿನಕ್ಕೆ ಹತ್ತು ಕಿ.ಮೀ., ಅದರಲ್ಲಿ ಅರ್ಧ ಸಿಗ್ನಲ್‌ನಲ್ಲೇ. ತಿಂಗಳಿಗೆ ಎರಡು ಸಲ ಉಜಿರೆ ಮೇಲೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಹತ್ತಿರದ ನಮ್ಮ ಊರಿಗೆ. ಹಿಂದೆ ಹೆಂಡತಿ, ಪಕ್ಕದಲ್ಲಿ ಬ್ಯಾಗು. ವರ್ಷಕ್ಕೆ ಎಂಟು ಸಾವಿರ ಕಿ.ಮೀ. ಆಗುತ್ತದೆ. ಆಯಿಲ್ ಬದಲಿಸುವುದು ವರ್ಷಕ್ಕೆ ಎರಡು ಸಲ: ಮಳೆಗಾಲ ಹಿಡಿಯುವ ಮೊದಲು ಒಂದು, ದೀಪಾವಳಿ ಕಳೆದ ಮೇಲೆ ಇನ್ನೊಂದು. ಈ ಅಭ್ಯಾಸ ಅಪ್ಪನಿಂದ ಬಂದದ್ದು. ಕ್ಲಚ್ ಹೋದದ್ದಕ್ಕೂ ಮೂಲ ಅಪ್ಪನೇ. ಪಾಪ, ತಪ್ಪು ಅವರದಲ್ಲ.

ಮೊದಲು ಹಾಕಿದ್ದು ಮಿನರಲ್ 20ಡಬ್ಲ್ಯೂ-50. ಅಂಗಡಿಯಲ್ಲಿ ಕೈಗೆ ಸಿಕ್ಕ ಅಗ್ಗದ ಡಬ್ಬಿ. ಕೆಟ್ಟದ್ದೇನಲ್ಲ. ಆದರೆ ಡಿಸೆಂಬರಿನಲ್ಲಿ ಊರಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ಸೆಕೆಂಡು ಟಪ್ಪೆಟ್ ಟಿಕ್ ಟಿಕ್ ಅನ್ನುತ್ತಿತ್ತು. ಟಪ್ಪೆಟ್ ಅಂದರೆ ಎಂಜಿನ್ನಿನ ವಾಲ್ವ್ ತೆರೆಯಲು ತಳ್ಳುವ ಭಾಗ. ಈ ಎಂಜಿನ್‌ನಲ್ಲಿ ಇರುವುದು ಹೈಡ್ರಾಲಿಕ್ ಟಪ್ಪೆಟ್. ಒಳಗೆ ಆಯಿಲ್ ತುಂಬಿದ ಮೇಲೆಯೇ ಅದು ಸುಮ್ಮನಾಗುವುದು. ತಣ್ಣಗಿರುವಾಗ ಆಯಿಲ್ ದಪ್ಪ ಇದ್ದರೆ ಅಲ್ಲಿಗೆ ತಲುಪಲು ತಡ. ಜೊತೆಗೆ 2,500 ಕಿ.ಮೀ. ದಾಟುತ್ತಿದ್ದ ಹಾಗೆ ಗೇರ್ ಹಾಕಿದರೆ ಕಟಕ್ ಅನ್ನಲು ಶುರು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹುಡುಕುವುದೇ ಒಂದು ಕೆಲಸ.

ಇನ್ನು ಎರಡನೆಯದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆನ್‌ಲೈನ್‌ನಲ್ಲಿ ಆಫರ್ ಇತ್ತು. ಕಾರಿನ ಫುಲ್ಲಿ ಸಿಂಥೆಟಿಕ್ 5ಡಬ್ಲ್ಯೂ-30, ನಾಲ್ಕು ಲೀಟರಿನ ಎರಡು ಡಬ್ಬಿ ತಗೊಂಡರೆ ಎರಡನೆಯದ್ದಕ್ಕೆ ಹೆಚ್ಚುಕಡಿಮೆ ಅರ್ಧ ಬೆಲೆ. ನಮ್ಮ ಕಾರಿಗೆ ಬೇಕಾದ ಗ್ರೇಡೇ ಅದು. ಒಂದು ಡಬ್ಬಿ ಕಾರಿಗೆ, ಇನ್ನೊಂದು ಬೈಕಿಗೆ ಅಂತ ಲೆಕ್ಕ ಹಾಕಿದೆ. ಸಿಂಥೆಟಿಕ್ ಅಂದ ಮೇಲೆ ಮಿನರಲ್‌ಗಿಂತ ಒಳ್ಳೇದೇ ಅಲ್ವಾ? ಅದೂ ಅಲ್ಲದೆ ಅಪ್ಪ ತಮ್ಮ ಹಳೇ ಬುಲೆಟ್‌ಗೆ ಇಷ್ಟು ವರ್ಷವೂ ಕಾರಿನ 20ಡಬ್ಲ್ಯೂ-50 ಆಯಿಲನ್ನೇ ಹಾಕಿಕೊಂಡು ಬಂದಿದ್ದಾರೆ. ಒಂದು ದಿನವೂ ತೊಂದರೆ ಆದದ್ದಿಲ್ಲ. ಫೋನ್ ಮಾಡಿ ಕೇಳಿದೆ. "ಆಯಿಲ್ ಆಯಿಲೇ ಕಣೋ, ನಂದಕ್ಕೆ ಆಗಿದ್ದು ನಿಂದಕ್ಕೆ ಆಗಲ್ವಾ?" ಅಂದರು. ಸುರಿದೆ.

ಮೊದಲ ಒಂದು ವಾರ ಖುಷಿಯೋ ಖುಷಿ. ಗೇರ್ ಬೆಣ್ಣೆಯ ಹಾಗೆ ಬೀಳುತ್ತಿತ್ತು. ಎಂಜಿನ್ ಹಗುರ. ಆಫೀಸಿನಲ್ಲಿ ಇಬ್ಬರಿಗೆ ಉಪದೇಶವನ್ನೂ ಮಾಡಿದೆ.

ಶನಿವಾರ ಊರಿಗೆ ಹೊರಟೆವು. ಚಾರ್ಮಾಡಿ ಊರು ದಾಟಿ ಏರು ಶುರುವಾದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಕ್ಲಾಸಿಕ್‌ನಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯೇ ಗತಿ. ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ತಿರುವಿನಲ್ಲಿ ಎರಡಕ್ಕೆ ಇಳಿಸಿದರೂ ಎಂಜಿನ್ ಸುಮ್ನೆ ಕೂಗುತ್ತಿತ್ತು. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಎಲ್ಲರೂ ನಿಲ್ಲಿಸುವ ಹಾಗೆ ನಾವೂ ನಿಲ್ಲಿಸಿದೆವು. ಕೈ ಮುಗಿದು ಕ್ಲಚ್ ಕೇಬಲ್ ನೋಡಿದೆ. ಬಿಗಿಯಾಗಿರಬಹುದು ಅಂತ ಲಿವರ್ ಹತ್ತಿರದ ಅಡ್ಜಸ್ಟರ್ ಸಡಿಲ ಮಾಡಿದೆ. ಏನೂ ಬದಲಾಗಲಿಲ್ಲ. ಅಲ್ಲಿಂದ ಮುಂದೆ ಎಂಜಿನ್ ಕಡೆಯಿಂದ ಸುಟ್ಟ ವಾಸನೆ. ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೆ ಹೆಂಡತಿ ಎರಡು ಸಲ ಇಳಿದು ನಡೆದಿದ್ದಳು. ನೀರು ದೋಸೆ ತಿನ್ನುವಾಗ ಒಂದು ಮಾತೂ ಆಡಲಿಲ್ಲ.

ಮೂಡಿಗೆರೆಯ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಆಯಿಲ್ ಹಾಕಿದ್ರಿ ಸಾರ್?" ಡಬ್ಬಿಯ ಫೋಟೊ ತೋರಿಸಿದೆ. ನಕ್ಕರು.

ವಿಷಯ ಇಷ್ಟೇ. ಅಪ್ಪನದ್ದು ಹಳೇ ಕಾಸ್ಟ್ ಐರನ್ ಬುಲೆಟ್. ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರೂ ಬೇರೆ ಬೇರೆ ಮನೆ. ಎಂಜಿನ್‌ಗೆ ಒಂದು ಆಯಿಲ್, ಗೇರ್‌ಬಾಕ್ಸ್‌ಗೆ ಇನ್ನೊಂದು, ಕ್ಲಚ್ ಇರುವ ಎಡಗಡೆಯ ಚೈನ್‌ಕೇಸ್‌ಗೆ ಮತ್ತೊಂದು. ಎಂಜಿನ್‌ಗೆ ಏನೇ ಸುರಿದರೂ ಕ್ಲಚ್‌ಗೆ ಗೊತ್ತೇ ಆಗುವುದಿಲ್ಲ. ಅಷ್ಟೇ ಅಲ್ಲ, ಅದು ಡ್ರೈ ಸಂಪ್. ಆಯಿಲ್ ಕೂರುವ ಜಾಗ ಕ್ರ್ಯಾಂಕ್‌ಕೇಸ್ ಎರಕದಲ್ಲೇ ಪ್ರತ್ಯೇಕವಾಗಿದೆ. ಒಂದು ಪಂಪು ಅಲ್ಲಿಂದ ಆಯಿಲ್ ಕಳಿಸುತ್ತದೆ, ಇನ್ನೊಂದು ಕೆಳಗೆ ಬಿದ್ದದ್ದನ್ನು ವಾಪಸ್ ಎಳೆಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಆ ಆಯಿಲ್ ಮೆಲ್ಲಗೆ ಕ್ರ್ಯಾಂಕ್ ಕಡೆಗೆ ಇಳಿದುಬಿಡುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಅಂಗಳದ ತುಂಬ ಹೊಗೆ. ಸೊಳ್ಳೆ ಕಾಟ ಇದ್ದಾಗ ಅಪ್ಪ ಬೇಕಂತಲೇ ಸ್ಟಾರ್ಟ್ ಮಾಡುತ್ತಾರೆ ಅಂತ ಅಮ್ಮನ ಅನುಮಾನ.

ನನ್ನದು ಯುಸಿಇ, ಅಂದರೆ ಯೂನಿಟ್ ಕನ್‌ಸ್ಟ್ರಕ್ಷನ್ ಎಂಜಿನ್. ಮೂರಕ್ಕೂ ಒಂದೇ ಮನೆ. ವೆಟ್ ಸಂಪ್, ಅಂದರೆ ಆಯಿಲ್ ಎಂಜಿನ್ ತಳದಲ್ಲೇ ಕೂರುತ್ತದೆ. ಎಂಜಿನ್ ತಂಪು ಮಾಡುವುದು, ಗೇರಿನ ಹಲ್ಲು ಕಾಯುವುದು, ಕ್ಲಚ್ ಪ್ಲೇಟ್ ನೆನೆಸುವುದು, ಮೂರು ಕೆಲಸಕ್ಕೂ ಒಂದೇ ಆಯಿಲ್. ಎಂಜಿನ್ ಜಾರಬೇಕು, ಕ್ಲಚ್ ಹಿಡಿಯಬೇಕು. ಈಗಿನ ಕಾರಿನ 5ಡಬ್ಲ್ಯೂ-30ರಲ್ಲಿ ಪೆಟ್ರೋಲ್ ಉಳಿಸಲು ಜಾರಿಕೆ ಹೆಚ್ಚಿಸುವ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿರುತ್ತಾರೆ. ಕಾರಿನ ಕ್ಲಚ್ ಒಣಗಿರುತ್ತದೆ, ಎಂಜಿನ್ ಆಯಿಲ್ ಅದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಅಲ್ಲಿ ಸರಿ. ನನ್ನ ಗಾಡಿಯಲ್ಲಿ ಆ ಜಾರಿಕೆ ನೇರ ಹೋಗಿ ಕ್ಲಚ್ ಪ್ಲೇಟಿನ ಮೇಲೆ ಕೂತಿತು.

ಬೈಕಿನವರಿಗೆ ಈ ತೊಂದರೆ ಹೊಸದಲ್ಲ. ಜಪಾನಿನವರು 1998ರಲ್ಲೇ ಇದಕ್ಕೆ ಜಾಸೋ ಅನ್ನುವ ಮಾನದಂಡ ಮಾಡಿದ್ದಾರೆ. ಆಯಿಲ್ ಹಾಕಿದ ಕ್ಲಚ್ ಎಷ್ಟು ಹಿಡಿಯುತ್ತದೆ ಅಂತ ಪರೀಕ್ಷೆ ಮಾಡಿ ಎಂಎ ಅಥವಾ ಎಂಬಿ ಅಂತ ಗುರುತು ಕೊಡುತ್ತಾರೆ. ಎಂಎ ಅಂದರೆ ನನ್ನಂಥ ಬೈಕಿಗೆ. ಅದರಲ್ಲೇ ಹಿಡಿತ ಇನ್ನೂ ಗಟ್ಟಿ ಇದ್ದರೆ ಎಂಎ2. ಎಂಬಿ ಜಾರಿಕೆ ಜಾಸ್ತಿ ಇರುವಂಥದ್ದು, ಗೇರಿಲ್ಲದ ಸ್ಕೂಟರಿಗೆ. ಹೆಂಡತಿಯ ಆಕ್ಟಿವಾಗೆ ಬೇಕಾದದ್ದು 10ಡಬ್ಲ್ಯೂ-30 ಎಂಬಿ. ಅದರ ಕ್ಲಚ್ ಒಣ ಕ್ಲಚ್.

ಕಾರಿನ ಆಯಿಲ್ ಡಬ್ಬಿಯ ಹಿಂದೆ ಎಪಿಐ ಅನ್ನುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದುಂಡನೆಯ ಮುದ್ರೆ ಇರುತ್ತದೆ. ನಡುವೆ ತೂತಿರುವ ಉದ್ದಿನ ವಡೆಯ ಥರ. ಆ ನಡುವಿನ ಜಾಗದಲ್ಲಿ ಗ್ರೇಡು ಬರೆದಿರುತ್ತಾರೆ. ವಡೆಯ ಕೆಳಗಿನ ಅರ್ಧದಲ್ಲಿ 'ರಿಸೋರ್ಸ್ ಕನ್ಸರ್ವಿಂಗ್' (ಪೆಟ್ರೋಲ್ ಉಳಿಸುವ ಆಯಿಲ್) ಅಂತ ಇದ್ದರೆ ಆ ಡಬ್ಬಿ ಬೈಕಿನ ಹತ್ತಿರವೂ ಬರಬಾರದು. ನನ್ನ ಡಬ್ಬಿಯಲ್ಲಿ ಇತ್ತು. ನಾನು ಓದಿದ್ದು ಮುಂದಿನ 'ಫುಲ್ಲಿ ಸಿಂಥೆಟಿಕ್' ಮಾತ್ರ. ಕಾರಿನ ಎಲ್ಲ ಆಯಿಲೂ ಹೀಗೆ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಹಳೇ ಕಾಲದ ದಪ್ಪ ಗ್ರೇಡುಗಳಲ್ಲಿ ಸಾಮಾನ್ಯವಾಗಿ ಈ 'ರಿಸೋರ್ಸ್ ಕನ್ಸರ್ವಿಂಗ್' ಮಾತು ಇರುವುದಿಲ್ಲ.

ದಪ್ಪದ ಲೆಕ್ಕದಲ್ಲೂ ನಾನು ಎಡವಿದ್ದೆ. 100 ಡಿಗ್ರಿ ಶಾಖದಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪದ ಅಳತೆ) ಒಳಗೆ ಇರಬೇಕು, 50ರದ್ದು 16.3ರಿಂದ 21.9ರ ಒಳಗೆ. ನನ್ನದು ಗಾಳಿಯಿಂದಲೇ ತಂಪಾಗುವ ದೊಡ್ಡ ಸಿಲಿಂಡರ್. ಮಂಗಳೂರಿನ ಪಂಪ್‌ವೆಲ್ ಸರ್ಕಲ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತರೆ ಆಯಿಲ್ ಗತಿ ಏನಾಗಬೇಡ? ಇನ್ನು ಆ ಮುಂದಿನ 5ಡಬ್ಲ್ಯೂ, 15ಡಬ್ಲ್ಯೂ ಚಳಿಯ ಲೆಕ್ಕ. 15ಡಬ್ಲ್ಯೂ ಆಯಿಲನ್ನು ಸ್ಟಾರ್ಟಿಂಗ್‌ಗೆ ಪರೀಕ್ಷೆ ಮಾಡುವುದೇ ಮೈನಸ್ 20 ಡಿಗ್ರಿಯಲ್ಲಿ. ಮೂಡಿಗೆರೆಯ ಚಳಿಗೆ ಅದು ಬೇಕಾದಷ್ಟಾಯಿತು.

ರಿಪೇರಿ ಕಥೆ ಚಿಕ್ಕದು, ಬಿಲ್ಲು ಚಿಕ್ಕದಲ್ಲ. ಆಯಿಲ್ ತೆಗೆದು ಸರಿಯಾದದ್ದು ಹಾಕಿದರು. 150 ಕಿ.ಮೀ. ಓಡಿಸಿ ಅದನ್ನೂ ತೆಗೆದು ಇನ್ನೊಮ್ಮೆ ಹಾಕಿದರು. ಸಮತಟ್ಟಿನಲ್ಲಿ ಸರಿಹೋಯಿತು, ಏರಿನಲ್ಲಿ ಇಲ್ಲ. ಕೊನೆಗೆ ಬಿಚ್ಚಿದಾಗ ಫ್ರಿಕ್ಷನ್ ಪ್ಲೇಟುಗಳು ಕನ್ನಡಿ ಥರ ಮಿರಿಮಿರಿ ಅನ್ನುತ್ತಿದ್ದವು. ಆಯಿಲ್ ಒಂದೇ ಅಲ್ಲ, ಜಾರುತ್ತಿದ್ದರೂ ಬಿಡದೆ ಇಡೀ ಘಾಟಿ ಹತ್ತಿಸಿದ್ದು ಸುಟ್ಟಿತು ಅಂದರು ಮೆಕ್ಯಾನಿಕ್. ಪ್ಲೇಟ್ ಸೆಟ್, ಗ್ಯಾಸ್ಕೆಟ್, ಕೂಲಿ, ಎರಡು ಸಲದ ಆಯಿಲ್ ಎಲ್ಲ ಸೇರಿ ಐದು ಸಾವಿರದ ಹತ್ತಿರ. ಆಫರ್‌ನಲ್ಲಿ ಉಳಿದದ್ದು ಒಂಬೈನೂರು ರೂಪಾಯಿ.

ಮೂರನೆಯದ್ದು ಆಗ ಮೆಕ್ಯಾನಿಕ್ ಹಾಕಿದ್ದು: ಲಿಕ್ವಿಡ್ ಗನ್ ಸೆಮಿ ಸಿಂಥೆಟಿಕ್ 15ಡಬ್ಲ್ಯೂ-50, ಎನ್‌ಫೀಲ್ಡ್‌ನವರದ್ದೇ. ಇದರ ಬಗ್ಗೆ ಹೇಳಲು ಜಾಸ್ತಿ ಏನೂ ಇಲ್ಲ. ಅದೇ ಅದರ ಗುಣ. ಬೆಳಗಿನ ಟಿಕ್ ಟಿಕ್ ಬೇಗ ನಿಲ್ಲುತ್ತದೆ. ಕ್ಲಚ್ ಹಿಡಿಯುತ್ತದೆ. 3,500 ಕಿ.ಮೀ. ಮೇಲೆ ಗೇರ್ ಸ್ವಲ್ಪ ಬಿಗಿ ಅನ್ನಿಸುತ್ತದೆ. 4,000ಕ್ಕೆ ಹೇಗೂ ಬದಲಿಸುತ್ತೇನೆ.

ನಾಲ್ಕನೆಯದ್ದು ಮೋಟುಲ್ 7100, 15ಡಬ್ಲ್ಯೂ-50, ಫುಲ್ಲಿ ಸಿಂಥೆಟಿಕ್, ಎಸ್ಟರ್ ಅನ್ನುವ ಸಿಂಥೆಟಿಕ್ ರಾಸಾಯನಿಕ ಬೆರೆಸಿದ್ದು, ಎಂಎ2. ಬೋನಸ್ ಬಂದ ವರ್ಷ ಹಾಕಿಸಿದೆ. ನಿಜ ಹೇಳಬೇಕು ಅಂದರೆ ನಾಲ್ಕರಲ್ಲಿ ಒಳ್ಳೇ ಆಯಿಲ್ ಇದೇ. ಬೈಕಿನಲ್ಲಿ ಆಯಿಲ್ ಬೇಗ ಸೋಲುವುದು ಗೇರ್‌ಬಾಕ್ಸ್‌ನಿಂದ. ದಪ್ಪ ಕಾಪಾಡಲು ಬೆರೆಸಿದ ಪಾಲಿಮರ್ ಎಳೆಗಳನ್ನು ಗೇರಿನ ಹಲ್ಲು ಅಡಕೆ ಕತ್ತರಿಸಿದ ಹಾಗೆ ಕತ್ತರಿಸುತ್ತಾ ಹೋಗುತ್ತದೆ, 50 ಇದ್ದದ್ದು ನಿಧಾನಕ್ಕೆ ತೆಳುವಾಗುತ್ತದೆ. ಇದರಲ್ಲಿ 5,000 ದಾಟಿದರೂ ಗೇರ್ ಹೊಸದರ ಹಾಗೇ ಬೀಳುತ್ತಿತ್ತು. ಮಧ್ಯಾಹ್ನದ ಟ್ರಾಫಿಕ್‌ನಲ್ಲೂ ಎಂಜಿನ್ ಒರಟಾಗಲಿಲ್ಲ. ಕೆಟಿಎಂ 390 ಡ್ಯೂಕ್‌ನಂಥ ಜೋರು ಬೈಕನ್ನು ಹಿಂಡಿ ಓಡಿಸುವವರು ಇದರ ಕೆಳಗೆ ಇಳಿಯಬೇಡಿ.

(ಸಿಂಥೆಟಿಕ್ ಅನ್ನುವ ಪದದ ಬಗ್ಗೆ ಒಂದು ಮಾತು. ಕಚ್ಚಾ ತೈಲವನ್ನೇ ಚೆನ್ನಾಗಿ ಶುದ್ಧ ಮಾಡಿದ ಗ್ರೂಪ್ 3 ಆಯಿಲನ್ನು ಸಿಂಥೆಟಿಕ್ ಅನ್ನಬಹುದೇ ಅಂತ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಮೇಲೆ ಮೊಬಿಲ್ ದೂರು ಕೊಟ್ಟಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಪಂಚಾಯ್ತಿ ಕ್ಯಾಸ್ಟ್ರಾಲ್ ಪರ ತೀರ್ಮಾನ ಕೊಟ್ಟಿತು. ಅಂದಿನಿಂದ ಆ ಪದ ನೋಡಿ ದುಡ್ಡು ಕೊಡುವುದರಲ್ಲಿ ದೊಡ್ಡ ಅರ್ಥ ಇಲ್ಲ. ಜಾಸೋ ಗುರುತು ನೋಡಿ.)

ಹಾಗಾದರೆ 7100 ಯಾಕೆ ಬಿಟ್ಟೆ? ಲೆಕ್ಕ ನೋಡಿ. ಒಂದು ಸಲ ಆಯಿಲ್ ಬದಲಿಸಲು ನನ್ನ ಎಂಜಿನ್‌ಗೆ ಎರಡು ಲೀಟರ್ ಮೇಲೆ ಸ್ವಲ್ಪ ಬೇಕು. ನನಗೆ ಬಿದ್ದ ಬೆಲೆ ಮಿನರಲ್‌ಗೆ 900 ರೂಪಾಯಿ, ಸೆಮಿಗೆ 1,240, ಫುಲ್ಲಿಗೆ 2,400. ಓಡಿದ ದೂರ 2,500, 4,000, 6,000 ಅಂತ ಹಿಡಿದರೆ ಕಿ.ಮೀ.ಗೆ 36 ಪೈಸೆ, 31 ಪೈಸೆ, 40 ಪೈಸೆ. ಅಗ್ಗದ್ದು ಅಗ್ಗವಲ್ಲ ಅಂತ ಇಲ್ಲೇ ಗೊತ್ತಾಗುತ್ತದೆ. ಫುಲ್ಲಿಗೆ ಒಂಬತ್ತು ಪೈಸೆ ಜಾಸ್ತಿ ಕೊಡಲು ನಾನು ತಯಾರಿದ್ದೆ. ಆದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಳೆ ಶುರುವಾಗುವ ಮುಂಚೆ ಆಯಿಲ್ ಬದಲಿಸದಿದ್ದರೆ ನಿದ್ದೆ ಬರಲ್ಲ. ಚೆನ್ನಾಗಿಯೇ ಇರುವ ದುಬಾರಿ ಆಯಿಲನ್ನು 4,000ಕ್ಕೇ ಬಸಿದು ಚೆಲ್ಲಿದರೆ ಕಿ.ಮೀ.ಗೆ 60 ಪೈಸೆ. ನೀವು ಹೆದ್ದಾರಿಯಲ್ಲಿ ಉದ್ದುದ್ದ ಓಡಿಸುವವರಾದರೆ, ಮೀಟರ್ ನೋಡಿಯೇ ಬದಲಿಸುವವರಾದರೆ, ನಿಮ್ಮ ಲೆಕ್ಕ ಬೇರೆ.

ಇನ್ನೊಂದು: ಎಲ್ಲೇ ತಗೊಂಡರೂ ಖಾಲಿ ಡಬ್ಬಿಗೆ ತೂತು ಹೊಡೆದೇ ಬಿಸಾಕಿ. ಅದರಲ್ಲಿ ನಕಲಿ ತುಂಬಿ ಮಾರುವವರಿದ್ದಾರೆ.

ಎರಡನೇ ಡಬ್ಬಿಯಲ್ಲಿ ಉಳಿದ 5ಡಬ್ಲ್ಯೂ-30 ಊರಲ್ಲಿದೆ. ಅಪ್ಪನ ಬುಲೆಟ್‌ಗೆ ಹಾಕೋಣ ಅಂದರೆ ಅದಕ್ಕೆ ಇದು ತೀರಾ ತೆಳು. ಅಪ್ಪ ಅದನ್ನು ತೋಟದ ಗೇಟಿನ ಕೀಲಿಗೆ ಬಿಡುತ್ತಿದ್ದಾರೆ. ಮೊದಲು ಗೇಟು ಕಿರ್ ಅಂದರೆ ಯಾರೋ ಬಂದರು ಅಂತ ಒಳಗೆ ಗೊತ್ತಾಗುತ್ತಿತ್ತು. ಈಗ ದನ ಒಳಗೆ ಬಂದರೂ ಗೊತ್ತಾಗಲ್ಲ ಅಂತ ಅಮ್ಮ ಬೈಯುತ್ತಾರೆ.