ಆ್ಯಪ್ ಮಾಡಿಸುವವರೇ, ದುಡ್ಡು ಕಟ್ಟುವ ಮೊದಲು ಎಕ್ಸ್‌ಪೋರ್ಟ್ ಬಟನ್ ಒತ್ತಿ ನೋಡಿ

ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಅಂಗಡಿಗೋ ಸಂಘಕ್ಕೋ ಆ್ಯಪ್ ಮಾಡಿಸಲು ಹೊರಟವರು ದಯವಿಟ್ಟು ಓದಿ. ಕೋಡ್ ಬರೆಯದೆ ಎಳೆದು ಕೂರಿಸಿ ಆ್ಯಪ್ ಕಟ್ಟುವ ಒಂದು ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಸಂಘದ ಅಡಿಕೆ ಖರೀದಿ ಲೆಕ್ಕ ಪೂರ್ತಿ ಸಿಕ್ಕಿಬಿದ್ದಿದೆ. ಹೆಸರು ಹಾಕುವುದಿಲ್ಲ. ಇದೇ ರೀತಿ ಮಾಡುವವರು ಬೇರೆಯೂ ಇದ್ದಾರೆ.

ಮಾರುವಾಗ ಹೇಳಿದ ಮಾತು: "ಡೇಟಾ ನಿಮ್ಮದೇ ಸಾರ್, ಯಾವಾಗ ಬೇಕಾದ್ರೂ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ." ಎಕ್ಸ್‌ಪೋರ್ಟ್, ಅಂದರೆ ಡೇಟಾ ಹೊರಗೆ ತೆಗೆಯುವ ಬಟನ್ ಇತ್ತು, ನಿಜ. ಒತ್ತಿ ನೋಡದೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದೆವು. ಡೇಟಾಬೇಸ್ ಗೊತ್ತಿದ್ದೂ ಹೀಗಾಯಿತಲ್ಲ, ಅದೇ ನಾಚಿಕೆ.

ಬಿಡಬೇಕೆಂದು ಹೊರಟದ್ದು ಬಿಲ್ಲಿನಿಂದ. ಲೆಕ್ಕ ತಲೆಗೆ ಇಷ್ಟು ಅಂತ ಅಲ್ಲ, ಆ್ಯಪ್ ಎಷ್ಟು ಸಾಲು ಓದಿತು ಅಂತ. ಅವರು ಕಟ್ಟಿಕೊಟ್ಟ ಪರದೆ 4,000 ತೂಕದ ಚೀಟಿಗಳನ್ನೂ (ಒಂದು ಚೀಟಿ ಅಂದರೆ ಒಂದು ಸಾಲು) ಫೋನಿಗೆ ಇಳಿಸಿ ಆಮೇಲೆ ಸೋಸುತ್ತಿತ್ತು. ಚಾಲಿ (ಒಣಗಿಸಿ ಸುಲಿದ ಅಡಿಕೆ) ರೇಟು ಬದಲಾದ ದಿನ 200 ಜನ ಒಮ್ಮೆ ತೆರೆದರೆ 8 ಲಕ್ಷ ಓದು! ಸರ್ವರಿನಲ್ಲೇ ಸೋಸಿ 20 ಸಾಲು ಮಾತ್ರ ಕಳಿಸಿದ್ದರೆ 4,000ದಲ್ಲಿ ಮುಗಿಯುತ್ತಿತ್ತು. ಕೇಳಿದರೆ, "ನಿಮ್ಮ ಬಳಕೆ ಜಾಸ್ತಿ ಉಂಟು, ಮೇಲಿನ ಪ್ಲಾನ್ ತಗೊಳ್ಳಿ."

ಸರಿ, ಎಕ್ಸ್‌ಪೋರ್ಟ್ ಒತ್ತಿದೆವು. ಸಿಎಸ್‌ವಿ ಫೈಲ್ (ಸಾದಾ ಅಕ್ಷರದ ಪಟ್ಟಿ) ಬಂತು. ಮರುದಿನ ತೂಕದ ಚೀಟಿಯ ಫೋಟೋ ತೆರೆದರೆ ಬಿಳಿ ಪರದೆ, ಅದರಲ್ಲಿ 'ರಿಕ್ವೆಸ್ಟ್ ಹ್ಯಾಸ್ ಎಕ್ಸ್‌ಪೈರ್ಡ್', ಅಂದರೆ ಅವಧಿ ಮುಗಿದಿದೆ. ಎರಡನೆಯದು, ಅದೇ. ಹತ್ತನೆಯದು, ಅದೇ. ಕೊಂಡಿಯ ಬಾಲ ನೋಡಿದಾಗ ಹೊಟ್ಟೆ ತಣ್ಣಗಾಯಿತು: 'ಎಕ್ಸ್‌ಪೈರ್ಸ್=3600'. 3600 ಸೆಕೆಂಡು, ಒಂದು ಗಂಟೆ. ಫೈಲಿನಲ್ಲಿ ಫೋಟೋ ಇರಲೇ ಇಲ್ಲ, ಒಂದು ಗಂಟೆಗೆ ಸಾಯುವ ಕೊಂಡಿ ಮಾತ್ರ ಇತ್ತು.

"ಪುನಃ ಎಕ್ಸ್‌ಪೋರ್ಟ್ ಮಾಡಿ ಸಾರ್" ಅಂದರು. ಮಾಡಿದೆವು. 4,000 ಫೋಟೋ, ಒಂದೊಂದು 2 ಎಂಬಿ, ಒಟ್ಟು 8 ಜಿಬಿ. ಇಲ್ಲಿನ 10 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಒಂದೂಮುಕ್ಕಾಲು ಗಂಟೆ ಮೇಲೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಳಿಯುವಾಗ ಉಳಿದ ಕೊಂಡಿ ಎಲ್ಲ ಸತ್ತವು. ಅವಧಿ 24 ಗಂಟೆ ಮಾಡಿಕೊಡಿ ಎಂದರೆ, "ಅದು ಸೆಕ್ಯುರಿಟಿ ಪಾಲಿಸಿ." ಹಾಗಾದರೆ ಒಟ್ಟಿಗೆ ಒಂದು ಜಿಪ್ ಕೊಡಿ ಎಂದರೆ, "ಡೇಟಾ ಕೊಟ್ಟಿದ್ದೇವಲ್ಲ ಸಾರ್." ಮೂರು ಮೇಲ್‌ಗೂ ಇದೇ ಉತ್ತರ. ಕೊಟ್ಟಿದ್ದೇವಲ್ಲ, ಕೊಟ್ಟಿದ್ದೇವಲ್ಲ.

ಕೊಟ್ಟದ್ದಾದರೂ ಸರಿ ಉಂಟೇ? ಖರೀದಿ ಪಟ್ಟಿಯಲ್ಲಿ ಸದಸ್ಯರ ಐಡಿ ಇಲ್ಲ, ಹೆಸರು ಮಾತ್ರ. ನಮ್ಮ ಊರಲ್ಲಿ ಒಂದೇ ಹೆಸರಿನವರು ಮೂರು, ನಾಲ್ಕು ಜನ ಇರುತ್ತಾರೆ, ಗುರುತು ಸಿಗುವುದು ಮನೆ ಹೆಸರಿನಿಂದ. ಮನೆ ಹೆಸರು ಬೇರೆ ಪಟ್ಟಿಯಲ್ಲಿ. ಇಷ್ಟು ಕಿಲೋ ಪಟೋರ ಯಾರದ್ದು, ಉಳ್ಳಿ ಯಾರದ್ದು (ಎರಡೂ ಅಡಿಕೆಯ ದರ್ಜೆಗಳು) ಎಂದು ಈಗ ಕಾಗದದ ಪ್ರತಿ ಹಿಡಿದು ಜೋಡಿಸಬೇಕು. (ಕನ್ನಡ, ಮಲಯಾಳ ಅಕ್ಷರ ಚೆಲ್ಲಾಪಿಲ್ಲಿ ಕಂಡರೆ ಅದು ಮಾತ್ರ ಅವರ ತಪ್ಪಲ್ಲ. ಎಕ್ಸೆಲಿನಲ್ಲಿ ನೇರ ತೆರೆಯಬೇಡಿ, ಡೇಟಾ ಮೆನುವಿನಿಂದ ಫೈಲ್ ಒಳಗೆ ತಂದು 65001, ಯುಟಿಎಫ್-8 ಆರಿಸಿ.)

ಇನ್ನೊಂದು ಪೆಟ್ಟು ಪ್ಲೇ ಸ್ಟೋರಿನದ್ದು. ಆ್ಯಪ್ ಹಾಕಿದ್ದು ಅವರ ಖಾತೆಯಲ್ಲಿ. ಒಮ್ಮೆ ಪ್ರಕಟವಾದ ಪ್ಯಾಕೇಜ್ ಹೆಸರು (ಸ್ಟೋರ್ ಆ್ಯಪನ್ನು ಗುರುತಿಸುವ ಹೆಸರು) ಬದಲಾಗುವುದಿಲ್ಲ. ವರ್ಗಾವಣೆಗೆ ದಾರಿ ಉಂಟು, ಆದರೆ ಖಾತೆ ಇರುವವರೇ ಅರ್ಜಿ ಹಾಕಬೇಕು. "ಅದು ನಮ್ಮ ಪ್ಲಾನ್‌ನಲ್ಲಿ ಬರುವುದಿಲ್ಲ" ಅಂದರು. ಹೊಸ ಹೆಸರಿನಲ್ಲಿ ಹಾಕಿದರೆ ಸದಸ್ಯರೆಲ್ಲ ಪುನಃ ಇನ್‌ಸ್ಟಾಲ್ ಮಾಡಬೇಕು. 25 ಡಾಲರ್ ಒಮ್ಮೆ ಕಟ್ಟಿ ಮೊದಲೇ ಸಂಘದ ಹೆಸರಿನಲ್ಲಿ ಖಾತೆ ತೆರೆದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಮುಚ್ಚುವವರು ಕೂಡ ಇದಕ್ಕಿಂತ ಮರ್ಯಾದೆಯಿಂದ ನಡೆದುಕೊಂಡದ್ದುಂಟು. ಫೇಸ್‌ಬುಕ್ ಕೈಯಲ್ಲಿದ್ದ ಪಾರ್ಸ್ (ಆ್ಯಪ್‌ಗಳ ಡೇಟಾ ಇಡುವ ಸೇವೆ) ನಿಲ್ಲುತ್ತದೆಂದು 2016ರ ಜನವರಿಯಲ್ಲಿ ತಿಳಿಸಿ, ಒಂದು ವರ್ಷ ಸಮಯ ಕೊಟ್ಟು, ಸರ್ವರ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಇವರು ನಡೆಯುತ್ತಿರುವ ಅಂಗಡಿಯಿಂದ ನಮ್ಮದೇ ಚೀಟಿ ಹೊರಗೆ ಬಿಡುತ್ತಿಲ್ಲ.

ದುಡ್ಡು ಕಟ್ಟುವ ಮೊದಲು ಹತ್ತು ಸುಳ್ಳು ಚೀಟಿ ಫೋಟೋ ಸಮೇತ ಹಾಕಿ, ಎಕ್ಸ್‌ಪೋರ್ಟ್ ಮಾಡಿ, ಎರಡು ದಿನ ಬಿಟ್ಟು ತೆರೆಯಿರಿ. ಐಡಿ ಉಂಟಾ, ಫೋಟೋ ತೆರೆಯುತ್ತದಾ ನೋಡಿ. ಪ್ಲೇ ಸ್ಟೋರ್ ಖಾತೆ, ಡೊಮೇನ್ (ವೆಬ್ ವಿಳಾಸ) ನಿಮ್ಮ ಹೆಸರಿನಲ್ಲೇ ಇರಲಿ. ವರ್ಷದ್ದು ಒಟ್ಟಿಗೆ ಕಟ್ಟಲೇಬೇಡಿ.

ಈಗಾಗಲೇ ಸಿಕ್ಕಿಬಿದ್ದವರು ದಿನಾಂಕ ಹಾಕಿ ಸಾವಿರ ಸಾವಿರದಂತೆ ತುಂಡು ಮಾಡಿ ಎಕ್ಸ್‌ಪೋರ್ಟ್ ಮಾಡಿ. 2 ಜಿಬಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಫೋಟೋಗೆ ಚೀಟಿ ನಂಬರನ್ನೇ ಹೆಸರಾಗಿ ಇಡಿ, ಇಲ್ಲದಿದ್ದರೆ ಯಾವುದು ಯಾವುದರದ್ದು ಎಂದು ತಿಳಿಯುವುದಿಲ್ಲ. ನಮ್ಮದು ಎರಡು ತುಂಡು ಬಂದಿದೆ, ಇನ್ನೆರಡು ಬಾಕಿ.