ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್: ಹದಿನೈದು ದಿನಕ್ಕೆ ಸೈ, ತಿಂಗಳುಗಟ್ಟಲೆ ಬೇಡ

ಹಲ್ಲುಜ್ಜಿ ಉಗಿದಾಗ ರಕ್ತ ಕಾಣುತ್ತದೆ ಅಂದರೆ ಹಲ್ಲಿನ ಡಾಕ್ಟರು ಬರೆದುಕೊಡುವ ಮಾಮೂಲಿ ಬಾಟಲಿ ಇದು. ಸಾಮಾನ್ಯವಾಗಿ ಲೇಬಲ್ ಮೇಲೆ 0.2% ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟ್ ಅಂತ ಇರುತ್ತದೆ. ನನಗೆ ಬರೆದುಕೊಟ್ಟಿದ್ದು ಸ್ಕೇಲಿಂಗ್ (ಹಲ್ಲಿಗೆ ಕಟ್ಟಿದ ಗಟ್ಟಿ ಪಾಚಿಯನ್ನು ಡಾಕ್ಟರು ಕೆರೆದು ತೆಗೆಯುವುದು) ಮಾಡಿಸಿದ ಮೇಲೆ.

ಕೆಲಸ ಮಾಡುತ್ತದಾ? ಖಂಡಿತ ಮಾಡುತ್ತದೆ. ವಸಡಿನ ಊತ ಬೇಗ ಇಳಿಯಿತು, ಬಾಯಿ ವಾಸನೆಯೂ ಹೋಯಿತು. ಇದೇನು ಜಾಹೀರಾತಿನ ಮಾತಲ್ಲ. 1970ರಲ್ಲಿ ಡೆನ್ಮಾರ್ಕ್‌ನಲ್ಲಿ ಕೆಲವರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ, ದಿನಕ್ಕೆರಡು ಸಲ 10 ಎಂಎಲ್ ಇದರಲ್ಲಿ ಬಾಯಿ ಮುಕ್ಕಳಿಸಲು ಹೇಳಿದ್ದರು, ಆಗಲೂ ಪಾಚಿ ಕಟ್ಟಲಿಲ್ಲ, ವಸಡೂ ಊದಲಿಲ್ಲ. ಮುಕ್ಕಳಿಸಿ ಉಗಿದ ಮೇಲೂ ಮದ್ದು ಹಲ್ಲಿಗೆ, ಬಾಯೊಳಗಿನ ಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ, ಇದರ ಗುಟ್ಟು ಅದೇ.

ಹಾಗೆ ಅಂಟಿಕೊಳ್ಳುವುದರಿಂದಲೇ ತೊಂದರೆಯೂ ಇದೆ. ಕಾಫಿ, ಟೀ ಬಣ್ಣ ಬೇಗ ಹಿಡಿದು ಹಲ್ಲು ಕಂದಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಹುಷಾರು! ಕರೆ ಬರೀ ಬ್ರಷ್‌ಗೆ ಹೋಗುವುದಿಲ್ಲ, ಪಾಲಿಶ್ ಮಾಡಿಸಬೇಕು. ನಾಲಿಗೆಗೆ ಉಪ್ಪಿನ ರುಚಿಯೂ ಸರಿಯಾಗಿ ಗೊತ್ತಾಗುವುದಿಲ್ಲ, ಸಾರಿಗೆ ಉಪ್ಪು ಸಾಲದು ಅಂತ ಅಡುಗೆ ಮಾಡಿದವರ ಮೇಲೆ ಸುಮ್ನೆ ರೇಗಬೇಡಿ. ಬಾಟಲಿ ನಿಲ್ಲಿಸಿದ ಮೇಲೆ ರುಚಿ ಸರಿಹೋಗುತ್ತದೆ.

ಇನ್ನೊಂದು ವಿಷಯ, ಮೆಡಿಕಲ್ ಶಾಪಿನವರು ಯಾರೂ ಹೇಳುವುದಿಲ್ಲ. ಟೂತ್‌ಪೇಸ್ಟ್‌ನಲ್ಲಿ ನೊರೆ ಬರಿಸುವ ಪದಾರ್ಥ ಈ ಮದ್ದಿನ ಶಕ್ತಿ ಕುಂದಿಸುತ್ತದೆ. ಆದ್ದರಿಂದ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ, ಆಮೇಲೆ ತಕ್ಷಣ ನೀರಿನಲ್ಲಿ ಬಾಯಿ ತೊಳೆಯಬೇಡಿ.

ಆದರೆ ಸ್ಕೇಲಿಂಗ್ ತಪ್ಪಿಸಿಕೊಳ್ಳೋಣ ಅಂತ ಇದನ್ನು ತರುವವರಿಗೆ ನನ್ನ ರೇಟಿಂಗ್ ಸೊನ್ನೆ. ಗಟ್ಟಿಯಾಗಿ ಕಲ್ಲಾದ ಪಾಚಿ ಇದರಿಂದ ಕರಗುವುದಿಲ್ಲ. ವಸಡು ಹಲ್ಲು ಬಿಟ್ಟು ಸಂದಿಯಾಗಿದ್ದರೆ ಅದರ ಆಳಕ್ಕೂ ಇದು ಇಳಿಯುವುದಿಲ್ಲ. ಮೇಲೆ ಊತ ಇಳಿದು ಎಲ್ಲ ಸರಿಹೋಯಿತು ಅನ್ನಿಸುತ್ತದೆ, ಒಳಗೆ ಮೂಳೆ ಸವೆಯುತ್ತಲೇ ಇರುತ್ತದೆ. ನೋವೂ ಇರುವುದಿಲ್ಲ, ಅದೇ ಕಷ್ಟ. ಶುಗರ್ ಇರುವವರು, ಬೀಡಿ-ಸಿಗರೇಟು ಸೇದುವವರು, ಹಲ್ಲು ಅಲುಗಾಡುತ್ತಿರುವವರು ಬಾಟಲಿ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ದುಡ್ಡಿನ ಚಿಂತೆ ಇದ್ದರೆ ಹತ್ತಿರದ ಡೆಂಟಲ್ ಕಾಲೇಜು ನೋಡಿ. ಅಲ್ಲಿ ವಿದ್ಯಾರ್ಥಿಗಳೇ ಮಾಡುತ್ತಾರೆ, ಸಮಯ ಜಾಸ್ತಿ ಹಿಡಿಯುತ್ತದೆ, ಖರ್ಚು ಕಮ್ಮಿ.

ಮೊದಲ ಬಾಟಲಿ ಮುಗಿದ ಮೇಲೆ ಎರಡನೆಯದು ನಾನು ತರಲಿಲ್ಲ. ಆ ದುಡ್ಡಿಗೆ ಹಲ್ಲಿನ ಸಂದಿಗೆ ಹಾಕುವ ಸಣ್ಣ ಇಂಟರ್‌ಡೆಂಟಲ್ ಬ್ರಷ್ ತಂದೆ. ಅದರಲ್ಲಿ ಸೈಜ್ ಬೇರೆ ಬೇರೆ ಇರುತ್ತದೆ, ಯಾವುದು ಹಿಡಿಸುತ್ತದೆ ಅಂತ ಡಾಕ್ಟರನ್ನೇ ಕೇಳಿ ತಗೊಳ್ಳಿ. ಶುರುವಿನಲ್ಲಿ ರಕ್ತ ಬಂದರೆ ಹೆದರಿ ಬಿಡಬೇಡಿ, ಒಂದೆರಡು ವಾರ ಆದ ಮೇಲೂ ನಿಲ್ಲದಿದ್ದರೆ ಮತ್ತೆ ತೋರಿಸಿ.